ಬೆಂಕಿ ರೋಗದ ಎಲೆಗಳು

ನನ್ನ ಹೆಸರಿನ ಮುಂದೆ ‘ಡಾಕ್ಟರ್’ ಎಂಬ ಪದ ಸೇರುವುದಕ್ಕೆ ಎಷ್ಟೋ ಮೊದಲೇ ಹಳೇಬೀಡಿನ ನಮ್ಮ ಕೇರಿಯಲ್ಲಿ ನನ್ನನ್ನು ಡಾಕ್ಟ್ರಮ್ಮ ಎಂದು ಕರೆಯತೊಡಗಿದ್ದರು. ಅದಕ್ಕೆ ಕಾರಣ ಅಪ್ಪ. ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದ ಅವರಿಗೆ ಪಿಎಚ್.ಡಿ. ಎಂದರೇನೆಂದು ಚೆನ್ನಾಗಿಯೇ ಗೊತ್ತಿತ್ತು. ಆದರೆ ಯಾರಾದರೂ “ಮಗಳು ಬೆಂಗ್ಳೂರಲ್ಲಿ ಏನ್ ಓದ್ತಾವ್ಳೆ ಮೇಷ್ಟ್ರೇ?” ಎಂದು ಕೇಳಿದರೆ “ಡಾಕ್ಟರೇಟು” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಕೇಳಿದವರು ಕೊನೆಯ ಅಕ್ಷರವನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಮನೆಗೆ ಒಯ್ಯುತ್ತಿದ್ದರು. ನಾನು ರಜೆಗೆ ಬಂದಿದ್ದೇನೆಂದು ಗೊತ್ತಾದರೆ ಸಾಕು, ಹಾಸನದ ಆಸ್ಪತ್ರೆಯ ಚೀಟಿಯನ್ನೋ ಎಕ್ಸ್‌ರೇಯನ್ನೋ ಹಿಡಿದು ಜಗಲಿಗೆ ಬರುತ್ತಿದ್ದರು. ನಾನು ಓದುವುದು ಗಿಡಗಳ ವಿಷಯ, ಮನುಷ್ಯರದಲ್ಲ ಎಂದರೆ, “ಹಂಗಾದ್ರೆ ನಾಟಿ ಔಸ್ತಿ ಗೊತ್ತಿರ್ತದೆ ಬಿಡವ್ವ” ಎನ್ನುತ್ತಿದ್ದರು.

ಇದನ್ನೆಲ್ಲ ನಾನೂ ಅಕ್ಕನೂ ಹೇಳಿಕೊಂಡು ನಗುತ್ತಿದ್ದೆವು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನಾನು ಮೂರನೇ ಕ್ಲಾಸು. ಆಮೇಲೆ ನನ್ನ ತಲೆ ಬಾಚಿದವಳು, ಹೇನು ತೆಗೆದವಳು, ಗದರಿ ಊಟಕ್ಕೆ ಕೂರಿಸಿದವಳು ಎಲ್ಲ ಅವಳೇ. ಎಸ್‌ಎಸ್‌ಎಲ್‌ಸಿ ಪಾಸು ಮಾಡಿದ ಮೇಲೆ ಅವಳು ಓದಲಿಲ್ಲ. ಜಾವಗಲ್ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟರು. ಭಾವ ಅರಸೀಕೆರೆಯ ಡಿಪೋದಲ್ಲಿ ಬಸ್ ಕಂಡಕ್ಟರ್. ಊರಿನಲ್ಲಿ ಅವರಿಗೆ ರಾಗಿ ಬೆಳೆಯುವ ಸ್ವಲ್ಪ ಹೊಲವಿತ್ತು. ಅಕ್ಕ ಅಲ್ಲಿಯ ಅಂಗನವಾಡಿಯಲ್ಲಿ ಟೀಚರ್ ಆದಳು. ಅವಳಿಗೆ ಒಬ್ಬಳೇ ಮಗಳು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನೂ ಅವರ ಜತೆಯ ಕೆಲವು ಮನೆಯವರೂ ಬೌದ್ಧರಾದರು. ಗೋಡೆಯ ಮೇಲಿದ್ದ ದೇವರ ಪಟಗಳು ಇಳಿದು ಬುದ್ಧನ ಪಟ ಏರಿತು. ಅಕ್ಕ ಹೋಗಿ ಸೇರಿದ್ದು ಹಳೆಯ ಪದ್ಧತಿಯ ಮನೆಯನ್ನು. ಅಲ್ಲಿ ಮಾರಮ್ಮನೂ ಇದ್ದಳು, ವಾರವಾರದ ಮಡಿಯೂ ಇತ್ತು. ಅಕ್ಕ ಎರಡೂ ಮನೆಗಳಲ್ಲಿ ಆಯಾ ಮನೆಯವಳಂತೆಯೇ ಇರುತ್ತಿದ್ದಳು. ಯಾರಿಗೂ ನೋವಾಗದ ಹಾಗೆ ಬದುಕುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಅದು ಒಳ್ಳೆಯ ಅಭ್ಯಾಸ ಎಂದು ನಾನು ಆಗ ನಂಬಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದೆ. ನನ್ನ ವಿಷಯ ರಾಗಿಗೆ ಬರುವ ಬೆಂಕಿ ರೋಗ. ಅದು ಒಂದು ಬಗೆಯ ಬೂಷ್ಟು. ಎಲೆಯ ಮೇಲೆ ನೂಲುವ ಕದಿರಿನ ಆಕಾರದ ಚುಕ್ಕೆಗಳೇಳುತ್ತವೆ. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಜೋರಾಗಿ ಬಂದರೆ ದೂರದಿಂದ ನೋಡುವವರಿಗೆ ಹೊಲ ಉರಿದುಹೋದಂತೆ ಕಾಣುತ್ತದೆ. ರೈತನಿಗೆ ಅದನ್ನು ತಡೆಯುವ ಔಷಧ ಬೇಕು. ನನಗೆ ಬೇಕಾಗಿದ್ದದ್ದು ಬೇರೆ. ಕೆಲವು ತಳಿಗಳಿಗೆ ಈ ರೋಗ ಹತ್ತುವುದಿಲ್ಲ. ಬೂಷ್ಟಿನ ಬೀಜಾಣು ಅಂಥ ಎಲೆಯ ಮೇಲೂ ಬಂದು ಕೂರುತ್ತದೆ, ಮೊಳೆಯುತ್ತದೆ, ಒಂದು ಜೀವಕೋಶದೊಳಕ್ಕೆ ಕೊರೆಯುತ್ತದೆ. ಆದರೆ ಕೊರೆಸಿಕೊಂಡ ಕೋಶ ಸುಮ್ಮನಿರುವುದಿಲ್ಲ. ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತದೆ. ಬಾಯಿಲ್ಲ, ನರವಿಲ್ಲ, ಒಳಗೆ ಕ್ಯಾಲ್ಸಿಯಂ ಏರಿ, ಹೊರಗೆ ಕೆಲವು ರಾಸಾಯನಿಕಗಳು ಹರಿದು ಆ ಸುದ್ದಿ ಹೋಗುತ್ತದೆ. ಸುದ್ದಿ ತಲುಪಿದ ಕೋಶಗಳು ತಾವಾಗಿಯೇ ಸಾಯುತ್ತವೆ. ಸತ್ತ ಕೋಶಗಳ ಬೇಲಿಯೊಳಗೆ ಬೂಷ್ಟು ಉಪವಾಸ ಬೀಳುತ್ತದೆ, ಎಲೆ ಉಳಿಯುತ್ತದೆ. ಆ ಸುದ್ದಿ ಹೇಗೆ ಹೊರಡುತ್ತದೆ, ಎಷ್ಟು ಬೇಗ ಹೊರಡುತ್ತದೆ ಎಂಬುದು ನನ್ನ ಪ್ರಶ್ನೆ. ನಮ್ಮ ಭಾಷೆಯಲ್ಲಿ ಅದನ್ನು ಜೀವಕೋಶಗಳ ಸಂಜ್ಞೆ ಎನ್ನುತ್ತೇವೆ.

ನನ್ನ ಗೈಡ್ ನಿವೃತ್ತಿಗೆ ಹತ್ತಿರವಾಗಿದ್ದ ಪ್ರೊಫೆಸರು. ಮಾತು ಕಡಿಮೆ, ಹೊಗಳಿಕೆ ಅದಕ್ಕಿಂತ ಕಡಿಮೆ. ಲ್ಯಾಬಿನಲ್ಲಿ ನನ್ನ ಜತೆಯವರು ಮೊದಲ ವಾರವೇ “ಹಳೇಬೀಡಲ್ಲಿ ಯಾವ ಬೀದಿ?” ಎಂದು ಕೇಳಿ ತಿಳಿಯಬೇಕಾದ್ದನ್ನು ತಿಳಿದುಕೊಂಡರು. ಆಮೇಲೆ ಯಾರೂ ಏನನ್ನೂ ಹೇಳಲಿಲ್ಲ. ಒಬ್ಬಾತ ಮಾತ್ರ, ನನಗೆ ಫೆಲೋಶಿಪ್ ಬಂದ ದಿನ, “ನಿಮಗೆಲ್ಲ ಸಲೀಸು ಬಿಡಿ” ಎಂದ. ಮಾರನೆಯ ದಿನದಿಂದ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗತೊಡಗಿದೆ. ಅದು ಉತ್ತರವೋ ಅವಮಾನವನ್ನು ಒಪ್ಪಿಕೊಂಡದ್ದೋ ಈಗಲೂ ಸರಿಯಾಗಿ ತಿಳಿಯದು.

ಕುಂಡದಲ್ಲಿ ಬೆಳೆಸಿದ ಸಸಿಗಳ ಜತೆಗೆ ನಿಜವಾದ ಹೊಲದಲ್ಲಿ ರೋಗ ಬಂದ ಎಲೆಗಳೂ ನನಗೆ ಬೇಕಾಗಿದ್ದವು. ಅಕ್ಕ ಭಾವನನ್ನು ಒಪ್ಪಿಸಿ ಹೊಲದ ಒಂದು ಮೂಲೆಯನ್ನು ನನಗೆ ಬಿಡಿಸಿದಳು. ಅಲ್ಲಿ ರೋಗ ಹತ್ತುವ ತಳಿಯನ್ನೂ ಹತ್ತದ ತಳಿಯನ್ನೂ ಪಕ್ಕಪಕ್ಕದ ಸಾಲುಗಳಲ್ಲಿ ಹಾಕಿದ್ದೆವು. “ಬೆಳೆಗೆ ರೋಗ ಬರ್ಲಿ ಅಂತ ಕಾಯೋಳು ನೀನೊಬ್ಬಳೇ ಕಣೇ” ಎಂದು ಅಕ್ಕ ರೇಗಿಸುತ್ತಿದ್ದಳು. ಬೆಂಗಳೂರಿನಿಂದ ಅರಸೀಕೆರೆಗೆ ರೈಲು, ಅಲ್ಲಿಂದ ಜಾವಗಲ್ ಬಸ್ಸು. ಕೈಯಲ್ಲಿ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿ. ಬಸ್ಸಿನಲ್ಲಿ ಅದನ್ನು ಕಂಡವರೆಲ್ಲ ಐಸ್‌ಕ್ಯಾಂಡಿ ಮಾರುವವಳೆಂದುಕೊಳ್ಳುತ್ತಿದ್ದರು.

ಎರಡನೆಯ ವರ್ಷ ಚಿತ್ತೆ ಮಳೆ ಹಿಡಿದಿತ್ತು. ಬೆಳಗಿನ ಇಬ್ಬನಿಗೆ ಎಲೆ ಒಣಗುವುದೇ ಇಲ್ಲ. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ನಾನು ಎಲೆಗಳನ್ನು ಕತ್ತರಿಸಿ ಡಬ್ಬಿಗೆ ತುಂಬಿಕೊಂಡು ಮನೆಗೆ ಬಂದೆ. ಭಾವ ಡ್ಯೂಟಿಗೆ ಹೋಗಿದ್ದರು. ಅಕ್ಕನ ಅತ್ತೆ ಹಿತ್ತಲಲ್ಲಿ ದನ ಕಟ್ಟುತ್ತಿದ್ದರು. ಅಕ್ಕ ನನ್ನನ್ನು ಬಚ್ಚಲು ಮನೆಗೆ ಕರೆದಳು. ಕೈಕಾಲು ತೊಳೆಯಲು ಬಿಸಿನೀರು ಕೊಡುತ್ತಾಳೆಂದುಕೊಂಡು ಹೋದೆ. ಬಾಗಿಲ ಚಿಲಕ ಹಾಕಿ, ಕುಪ್ಪಸ ಬಿಚ್ಚಿದಳು.

“ನೀನು ನೋಡು. ನೀನು ಓದಿದೀಯ” ಎಂದಳು.

ಎಡಗಡೆಯ ಮೊಲೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ಕಂಕುಳಲ್ಲಿ ಇನ್ನೊಂದು ಕೈಗೆ ಸಿಕ್ಕಿತು. ನಾನು ಮನುಷ್ಯರ ವೈದ್ಯಳಲ್ಲ. ಆದರೂ ನೋಡಿದ ಕೂಡಲೇ ತಿಳಿಯುವಂತಿತ್ತು.

“ಯಾವಾಗಿಂದ ಅಕ್ಕ?”

“ಹೋದ ವರ್ಷ ರಾಗಿ ಕೊಯ್ಲಲ್ಲಿ ಕೈಗೆ ಸಿಕ್ತು. ಕಡಲೆಕಾಳಷ್ಟಿತ್ತು.”

“ಯಾರಿಗೂ ತೋರಿಸ್ಲಿಲ್ವಾ?”

“ಅತ್ತೆಗೆ ಹೇಳ್ದೆ. ಪಾಪು ಹಾಲು ಬಿಟ್ಟಾಗ ಗಂಟು ಕಟ್ಟಿರ್ತದೆ, ಕರಗ್ತದೆ ಅಂದ್ರು. ಹರಳೆಲೆ ಬಿಸಿ ಮಾಡಿ ಕಟ್ಟಿದ್ವಿ. ಆಸ್ಪತ್ರೆ ಡಾಕ್ಟ್ರು ಗಂಡಸು ಕಣೇ. ಅಂಗನವಾಡಿ ಮೀಟಿಂಗ್‌ಗೆಲ್ಲ ಬತ್ತಾರೆ. ಅವ್ರಿಗೆ ಹೆಂಗೆ ತೋರ್ಸೋದು? ನೋವೂ ಇರ್ಲಿಲ್ಲ.” ಕುಪ್ಪಸ ಹಾಕಿಕೊಳ್ಳುತ್ತಾ, “ನೀನು ಡಾಕ್ಟ್ರು ಆಯ್ತೀಯಲ್ಲ, ಬಂದಾಗ ತೋರ್ಸಾನ ಅಂತ ಇದ್ದೆ” ಎಂದಳು.

ನನ್ನ ಓದು ಯಾವುದೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಹೊಲದಲ್ಲಿ ನನ್ನ ಜತೆ ನಿಂತು ಎಲೆ ಹಿಡಿದುಕೊಂಡವಳು ಅವಳೇ. ಆದರೂ ಎಲ್ಲೋ ಒಳಗೆ ಅವಳೂ ಕೇರಿಯವರ ಹಾಗೆಯೇ ನಂಬಿದ್ದಳು. ಕೋಶ, ರೋಗ, ಸೂಕ್ಷ್ಮದರ್ಶಕ ಎಂದೆಲ್ಲ ಮಾತಾಡುವ ತಂಗಿಗೆ ಇದೊಂದು ತಿಳಿಯದಿರುತ್ತದೆಯೇ ಎಂದುಕೊಂಡಿರಬೇಕು.

ಆ ಸಂಜೆಯೇ ಜಾವಗಲ್ ಎಸ್‌ಟಿಡಿ ಬೂತಿನಿಂದ ಡಿಪೋಕ್ಕೆ ಫೋನ್ ಮಾಡಿ ಭಾವನಿಗೆ ತಿಳಿಸಿದೆ. ಎರಡು ದಿನದಲ್ಲಿ ಅಕ್ಕನನ್ನು ಬೆಂಗಳೂರಿಗೆ ಕರೆತಂದೆವು. ಥರ್ಮಾಕೋಲ್ ಡಬ್ಬಿಯಲ್ಲಿದ್ದ ಎಲೆಗಳು ಅಷ್ಟರಲ್ಲಿ ಕೊಳೆತಿದ್ದವು. ಹಾಸ್ಟೆಲಿನ ಹಿಂದಿನ ತೊಟ್ಟಿಗೆ ಸುರಿದೆ.

ಗೈಡಿಗೆ ವಿಷಯ ಹೇಳಿದಾಗ ಅವರು “ಸಸಿಗಳನ್ನ ಯಾರು ನೋಡ್ಕೋತಾರೆ?” ಎಂದರು. ನನಗೆ ಎದ್ದು ಹೊರಟುಹೋಗಬೇಕೆನಿಸಿತು. ಹೋಗಲಿಲ್ಲ. ಮಧ್ಯಾಹ್ನ ಅವರೇ ನನ್ನನ್ನು ಕರೆಸಿ ಒಂದು ಚೀಟಿ ಕೊಟ್ಟರು. ದೊಡ್ಡ ಆಸ್ಪತ್ರೆಯಲ್ಲಿದ್ದ ತಮ್ಮ ಹಳೆಯ ಸ್ನೇಹಿತರಿಗೆ ಫೋನ್ ಮಾಡಿ, ಮಾರನೆಯ ಬೆಳಿಗ್ಗೆ ಅಕ್ಕನನ್ನು ನೋಡುವ ಹಾಗೆ ಮಾತಾಡಿ ಮುಗಿಸಿದ್ದರು. ಸಸಿಗಳಿಗೆ ನೀರು ಹಾಕಲು ಬೇರೆಯವರಿಗೆ ಹೇಳಿದ್ದರು. ಆ ಪ್ರಶ್ನೆ ಕೇಳಿದ್ದೂ ಇದನ್ನೆಲ್ಲ ಮಾಡಿದ್ದೂ ಒಬ್ಬರೇ ಮನುಷ್ಯ.

ಪರೀಕ್ಷೆಗಳು ಮುಗಿದ ಮೇಲೆ ಆ ವೈದ್ಯರು ನನ್ನನ್ನೂ ಭಾವನನ್ನೂ ಕೂರಿಸಿಕೊಂಡರು. ನಾನು ಏನು ಓದುತ್ತಿದ್ದೇನೆಂದು ತಿಳಿದದ್ದರಿಂದ ನನ್ನ ಕಡೆ ತಿರುಗಿಯೇ ಮಾತಾಡಿದರು. ಮೂಳೆಗೂ ಹೋಗಿದೆ ಎಂದರು. “ಲೇಟಾಗಿದೆಯಮ್ಮ. ಆದರೂ ಮಾಡೋದೆಲ್ಲ ಮಾಡೋಣ.” ಭಾವ ಎಲ್ಲಕ್ಕೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದರು: “ಏನಂದ್ರು ತಂಗಿ? ವಾಸಿ ಆಯ್ತದೆ ಅಂದ್ರಲ್ವಾ?”

“ಟ್ರೀಟ್‌ಮೆಂಟ್ ಕೊಡ್ತಾರೆ ಭಾವ” ಎಂದೆ.

ಹಾಸ್ಟೆಲು ಬಿಟ್ಟು ಹತ್ತಿರದಲ್ಲೇ ಒಂದು ಕೋಣೆ ಹಿಡಿದೆ. ಅಕ್ಕ ಆ ಚಳಿಗಾಲವೂ ಬೇಸಗೆಯೂ ಬಹುಪಾಲು ನನ್ನ ಜತೆಗಿದ್ದಳು. ಮಗುವನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಭಾವ ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು. ಆಪರೇಷನ್ ಆಯಿತು. ಆಮೇಲೆ ಇಂಜೆಕ್ಷನ್ನು, ಆಮೇಲೆ ಜನ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆ. ಕೂದಲು ಉದುರಿದ ದಿನ ಅಕ್ಕ ಅಳಲಿಲ್ಲ. ಉದುರಿದ್ದನ್ನು ಉಂಡೆ ಮಾಡಿ ಕಾಗದದಲ್ಲಿ ಸುತ್ತಿ, “ಊರಲ್ಲಾಗಿದ್ರೆ ಇದನ್ನ ಕೂದ್ಲು ತಗೊಂಡು ಸ್ಟೀಲ್ ಪಾತ್ರೆ ಕೊಡೋಳಿಗೆ ಹಾಕಬೋದಾಗಿತ್ತು” ಎಂದಳು. ಅನ್ನದ ವಾಸನೆ ಬಂದರೆ ವಾಂತಿ ಮಾಡುತ್ತಿದ್ದಳು. ಅದಕ್ಕೇ ನಾನು ಅನ್ನ ಮಾಡುವುದನ್ನು ಬಿಟ್ಟೆ. ಇಬ್ಬರೂ ರಾಗಿ ಗಂಜಿ ಕುಡಿದುಕೊಂಡಿದ್ದೆವು.

ಬೆಳಗ್ಗೆ ಅವಳನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ಸರದಿ ಬರುವಷ್ಟರಲ್ಲಿ ಲ್ಯಾಬಿಗೆ ಓಡಿ ಬೀಜಾಣು ಸಿಂಪಡಿಸಿದ ಸಸಿಗಳಿಂದ ಎಲೆ ಕತ್ತರಿಸಿ ಬರುತ್ತಿದ್ದೆ. ವಿಚಿತ್ರವೆಂದರೆ ನನ್ನ ಕೆಲಸ ಎಂದೂ ಅಷ್ಟು ಚೆನ್ನಾಗಿ ನಡೆದಿರಲಿಲ್ಲ. ಅದಕ್ಕೆ ಮೊದಲು ನಾವು ರೋಗ ಹತ್ತುವ ತಳಿಗೆ ಸಂಜ್ಞೆ ಹೊರಡಿಸುವ ಶಕ್ತಿಯೇ ಇಲ್ಲವೆಂದು ತಿಳಿದಿದ್ದೆವು. ಆ ಬೇಸಗೆಯಲ್ಲಿ ನನಗೆ ಕಂಡದ್ದು ಬೇರೆ. ಆ ಎಲೆಯಲ್ಲೂ ಸಂಜ್ಞೆ ಹುಟ್ಟುತ್ತದೆ. ಅದೇ ಕ್ಯಾಲ್ಸಿಯಂ, ಅದೇ ರಾಸಾಯನಿಕಗಳು. ಆದರೆ ತಡವಾಗಿ. ಅಷ್ಟರಲ್ಲಿ ಬೂಷ್ಟು ಮುಂದಿನ ಕೋಶಗಳಿಗೆ ದಾಟಿರುತ್ತದೆ. ಎಲೆಯೇ ಬೆಂಕಿ ಬಿದ್ದಂತಾಗುವವರೆಗೆ ಸಂಜ್ಞೆ ಅದರ ಹಿಂದೆ ಓಡುತ್ತಲೇ ಇರುತ್ತದೆ. ಗೈಡ್ ಚಿತ್ರಗಳನ್ನು ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, “ಇದನ್ನ ಬರೀರಿ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಬಿಡುವು ಸಿಕ್ಕಾಗ ಲೈಬ್ರರಿಯಲ್ಲಿ ಕೂತು ಅಕ್ಕನ ಕಾಯಿಲೆಯ ಬಗ್ಗೆ ಓದಿದೆ. ಅಲ್ಲಿಯೂ ಸಂಜ್ಞೆಗಳದ್ದೇ ಕಥೆ. ‘ಸಾಕು, ಇನ್ನು ಸಾಯಿ’ ಎಂಬ ಸಂಜ್ಞೆಯನ್ನು ಕೋಶ ಕೇಳಿಸಿಕೊಳ್ಳದೇ ಹೋದರೆ ಗಂಟು ಬೆಳೆಯುತ್ತದೆ. ನನ್ನ ರಾಗಿ ಎಲೆಯಲ್ಲಿ ನಾನು ಹುಡುಕುತ್ತಿದ್ದ ಪ್ರೋಟೀನುಗಳ ದಾಯಾದಿಗಳ ಹೆಸರುಗಳು ಆ ಪುಟಗಳಲ್ಲಿದ್ದವು. ಪುಟದ ಮೇಲೆ ಪುಟ ಅರ್ಥವಾಗುತ್ತಾ ಹೋಯಿತು. ಅರ್ಥವಾದದ್ದರಿಂದ ಅಕ್ಕನ ಸೊಂಟದ ನೋವು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಎಷ್ಟೋ ಸಲ ಪುಸ್ತಕವನ್ನು ಮುಚ್ಚದೇ ಹಾಗೇ ಬಿಟ್ಟು ಎದ್ದು ಬಂದಿದ್ದೇನೆ.

ಒಂದು ದಿನ ಅಕ್ಕ, “ನಿನ್ನ ಲ್ಯಾಬು ತೋರ್ಸೇ” ಎಂದಳು. ತಲೆಗೆ ಸೆರಗು ಹೊದ್ದು, ನನ್ನ ಭುಜ ಹಿಡಿದು ಮೆಟ್ಟಿಲು ಹತ್ತಿದಳು. ಭಾನುವಾರವಾದ್ದರಿಂದ ಯಾರೂ ಇರಲಿಲ್ಲ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಸೂಕ್ಷ್ಮದರ್ಶಕದ ಕೆಳಗೆ ಒಂದು ಎಲೆಯಿಟ್ಟೆ. ಹಸಿರೆಲ್ಲ ತೆಗೆದು ಬಣ್ಣದಲ್ಲಿ ನೆನೆಸಿದ ಎಲೆ ಅದು. ಬದುಕಿರುವ ಕೋಶಗಳಿಗೆ ಆ ಬಣ್ಣ ಹತ್ತುವುದಿಲ್ಲ, ಸತ್ತವು ಮಾತ್ರ ನೀಲಿಯಾಗುತ್ತವೆ.

ಅವಳು ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು.

“ಚೆಂದ ಐತೆ. ಆಕಾಶದ ಬಣ್ಣ. ಇವು ಏನು?”

“ಸತ್ತಿರೋ ಕೋಶಗಳು ಅಕ್ಕ.”

“ರೋಗ ಸಾಯಿಸ್ತಾ?”

“ಇಲ್ಲ. ತಾವೇ ಸತ್ತವು. ಪಕ್ಕದವು ಉಳೀಲಿ ಅಂತ.”

ಅವಳು ಕಣ್ಣು ತೆಗೆಯಲಿಲ್ಲ. ಹಾಗೇ ನೋಡುತ್ತಾ, “ನನ್ನೊಳಗಿರೋವು ಸಾಯಾಕಿಲ್ಲ ಅಂತ ಕೂತವೆ, ಅಲ್ವಾ?” ಎಂದಳು.

ಆಸ್ಪತ್ರೆಯಲ್ಲಿ ಯಾರೋ ನರ್ಸು ಅವಳಿಗೆ ಹಾಗೆ ಬಿಡಿಸಿ ಹೇಳಿದ್ದಳಂತೆ. ನಾನು ಹೂಂ ಎಂದೆ. ಆ ಒಂದು ಸಲವಾದರೂ ಅವಳಿಗೆ ಸುಳ್ಳು ಹೇಳದೆ ಇದ್ದುದಕ್ಕೆ ನನಗೆ ಸಮಾಧಾನವಿದೆ. ಅವಳು ಮುಖ ಎತ್ತಿ, “ಹಂಗಾದ್ರೆ ನನ್ನ ಊರಿಗೆ ಕಳ್ಸು. ಮಗು ಜೊತೆ ಇರ್ತೀನಿ” ಎಂದಳು. ಕೋಪವಿರಲಿಲ್ಲ. ಲೆಕ್ಕ ಬಗೆಹರಿದ ಮೇಲೆ ಬರುವ ಒಂದು ನಿಧಾನವಿತ್ತು.

ವೈದ್ಯರೂ ತಡೆಯಲಿಲ್ಲ. ಮಾತ್ರೆಗಳನ್ನು ಕೊಟ್ಟರು. ಭಾವ ಬಂದು ಕರೆದುಕೊಂಡು ಹೋದರು.

ಆಮೇಲಿನ ತಿಂಗಳುಗಳಲ್ಲಿ ನಾನು ವಾರ ಬಿಟ್ಟು ವಾರ ಹೋಗುತ್ತಿದ್ದೆ. ಪ್ರತಿ ಸಲವೂ ಅವಳು ಹಾಸಿಗೆಯಲ್ಲಿ ಇನ್ನಷ್ಟು ಕುಗ್ಗಿರುತ್ತಿದ್ದಳು. ಮೂಳೆಯ ನೋವಿಗೆ ಬೆಂಗಳೂರಿನಲ್ಲಿ ಕೊಡುತ್ತಿದ್ದ ಮಾತ್ರೆ ಜಾವಗಲ್‌ನಲ್ಲಿ ಸಿಗುತ್ತಿರಲಿಲ್ಲ, ಅರಸೀಕೆರೆಯಲ್ಲೂ ಸಿಗುತ್ತಿರಲಿಲ್ಲ. ನಾನು ತಂದದ್ದು ಮುಗಿದ ದಿನಗಳಲ್ಲಿ ಅವಳು ಬಾಯಿಗೆ ಸೆರಗು ತುರುಕಿಕೊಂಡು ಮಲಗುತ್ತಿದ್ದಳು ಎಂದು ಅತ್ತೆಯೇ ಹೇಳಿದರು. ಹೇಳುತ್ತಾ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ಹರಳೆಲೆ ಕಟ್ಟಿದ ಕೈಗಳು ಅವು. ಆ ಮುದುಕಿಯನ್ನು ದ್ವೇಷಿಸಬೇಕೆಂದು ನಾನು ಬಹಳ ಪ್ರಯತ್ನಪಟ್ಟೆ. ಅಕ್ಕನ ಮೈ ಒರೆಸಿ, ಹಾಸಿಗೆ ಬದಲಿಸಿ, ಅವಳ ಪಕ್ಕದಲ್ಲೇ ನೆಲದ ಮೇಲೆ ಮಲಗುತ್ತಿದ್ದವರು ಅವರು. ದ್ವೇಷ ಹುಟ್ಟಲಿಲ್ಲ.

ಹೊಲದ ನನ್ನ ಮೂಲೆಯಲ್ಲಿ ಆ ವರ್ಷ ಏನೂ ಬಿತ್ತಲಿಲ್ಲ.

ಅಕ್ಕ ತೀರಿಕೊಂಡಾಗ ನಾನು ಲ್ಯಾಬಿನಲ್ಲಿದ್ದೆ. ಇಲಾಖೆಯ ಆಫೀಸಿಗೆ ಫೋನ್ ಬಂತು. ಅಕ್ಕನ ಊರು ತಲುಪುವಷ್ಟರಲ್ಲಿ ಇಳಿಬಿಸಿಲು. ಮನೆಯ ಮುಂದೆ ಎರಡು ಗುಂಪುಗಳಾಗಿ ಜನ ನಿಂತಿದ್ದರು. ಅಪ್ಪನೂ ಹಳೇಬೀಡಿನಿಂದ ಬಂದ ಅವರ ಸ್ನೇಹಿತರೂ ಬಿಳಿ ಬಟ್ಟೆ ತೊಟ್ಟು ಒಂದು ಕಡೆ, ಭಾವನ ಕಡೆಯ ಹಿರಿಯರು ಇನ್ನೊಂದು ಕಡೆ. ತಮಟೆ ಬಡಿಯಬೇಕೆಂದು ಅವರು, ಬೇಡವೆಂದು ಇವರು.

“ನನ್ನ ಮಗಳು ಕಣ್ರೀ. ವಂದನೆ ಹೇಳಿ ಕಳಿಸಿಕೊಡ್ತೀನಿ, ಅಷ್ಟೇ” ಎಂದರು ಅಪ್ಪ.

“ಕೊಟ್ಟ ಹೆಣ್ಣು ಮೇಷ್ಟ್ರೇ. ಈ ಮನೆ ಮಣ್ಣಿಗೆ ಸೇರಿದ್ದು” ಎಂದರು ಭಾವನ ದೊಡ್ಡಪ್ಪ.

ಭಾವ ಎರಡು ಗುಂಪಿನ ನಡುವೆ ಮಣ್ಣಿನ ಮೇಲೆಯೇ ಕುಕ್ಕರುಗಾಲಿನಲ್ಲಿ ಕೂತು, “ಎರಡೂ ಮಾಡಿ. ಬೇಗ ಮಾಡಿ. ಮಗು ನೋಡ್ತಾ ಐತೆ” ಎಂದರು. ಎರಡೂ ನಡೆದವು. ಅಪ್ಪ ಬುದ್ಧವಂದನೆ ಹೇಳುವಾಗ ತಮಟೆಯವರು ತಡೆದು ನಿಂತರು. ಅವರು ಬಡಿಯುವಾಗ ಅಪ್ಪ ಕೈಕಟ್ಟಿ ನಿಂತರು. ಮೆರವಣಿಗೆ ಮುಂದೆ ಹೋಯಿತು. ಹೆಂಗಸರನ್ನು ಮಸಣಕ್ಕೆ ಬಿಡುವ ವಾಡಿಕೆಯಿಲ್ಲ. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ಉಳಿದೆ.

ಥೀಸಿಸ್ ಕೊಟ್ಟೆ. ಮೌಖಿಕ ಪರೀಕ್ಷೆಗೆ ಹೊರಗಿನ ಊರಿನಿಂದ ಬಂದಿದ್ದ ಪ್ರೊಫೆಸರು ಬಹಳ ಒಳ್ಳೆಯ ಪ್ರಶ್ನೆಗಳನ್ನು ಕೇಳಿದರು. ಕೊನೆಯಲ್ಲಿ, “ರೋಗ ಬರುವ ತಳಿಯಲ್ಲೂ ಸಂಜ್ಞೆ ಹುಟ್ಟುತ್ತೆ, ಆದರೆ ತಡವಾಗುತ್ತೆ ಅಂತ ತೋರಿಸಿದ್ದೀರಿ. ಯಾಕೆ ತಡವಾಗುತ್ತೆ?” ಎಂದರು.

“ಗೊತ್ತಿಲ್ಲ ಸರ್.”

“ಊಹೆ?”

ಊಹೆಗಳು ಇದ್ದವು. ಥೀಸಿಸಿನ ಕೊನೆಯ ಅಧ್ಯಾಯದಲ್ಲಿ ಅವನ್ನು ಬರೆದೂ ಇದ್ದೆ. ಆ ಪುಟ ತೆರೆದವಳು ಓದದೆ ಮುಚ್ಚಿದೆ. ಗೈಡ್ ನಡುವೆ ಬಾಯಿ ಹಾಕಿ, “ಅದು ಮುಂದಿನ ಕೆಲಸ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ‘ನಿಮಗೆಲ್ಲ ಸಲೀಸು’ ಎಂದಿದ್ದವನು ಬಂದು ಕೈಕುಲುಕಿ, “ಕಂಗ್ರಾಟ್ಸ್ ಡಾಕ್ಟರ್” ಎಂದ. ಅಪ್ಪನಿಗೆ ಬೂತಿನಿಂದ ಫೋನ್ ಮಾಡಿದೆ. ಅವರು “ಆಯ್ತಮ್ಮ” ಎಂದರು.

ಮುಂದಿನ ಕೆಲಸ ನಡೆಯಲಿಲ್ಲ. ಗೈಡ್ ನಿವೃತ್ತರಾದರು. ಅವರ ಕೋಣೆಗಳನ್ನು ಬೇರೆ ಪ್ರೊಫೆಸರಿಗೆ ಕೊಟ್ಟರು. ನಾನು ದೀಪ ಹಾಕಿ ಸಸಿ ಬೆಳೆಸುತ್ತಿದ್ದ ಅಲಮಾರಿ ಕಾರಿಡಾರಿಗೆ ಬಂತು, ಅಲ್ಲಿ ಅದರ ಮೇಲೆ ಯಾರೋ ಹಳೆಯ ಉತ್ತರಪತ್ರಿಕೆಗಳ ಕಟ್ಟು ಪೇರಿಸಿದರು. ನಾನು ಬೇಲೂರಿನ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕಿಯಾದೆ. ಹಳೇಬೀಡಿನಿಂದ ದಿನಾ ಬಸ್ಸು. ಬೆಳಗಿನ ಬಸ್ಸಿನಲ್ಲಿ ಮಾದಿಹಳ್ಳಿಯಿಂದ ಹಾಲಿನ ಕ್ಯಾನುಗಳೂ ಬರುತ್ತಿದ್ದವು. ಅವುಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು. ಹುಡುಗರಿಗೆ ಹೂವಿನ ಭಾಗಗಳು, ಬೇರಿನ ಅಡ್ಡಸೀಳಿಕೆ, ದ್ಯುತಿಸಂಶ್ಲೇಷಣೆ. ಜೀವಕೋಶಗಳ ಸಂಜ್ಞೆ ಸಿಲೆಬಸ್‌ನಲ್ಲೇ ಇರಲಿಲ್ಲ.

ಕೆಲವು ವರ್ಷಗಳ ಮೇಲೆ ಅರಸೀಕೆರೆಯಲ್ಲಿ ಕಾಯಂ ಕೆಲಸ ಸಿಕ್ಕಿತು. ರೈಲ್ವೆ ಸ್ಟೇಷನ್ನಿನ ಆಚೆ ಬಾಡಿಗೆ ಮನೆ ಮಾಡಿದೆ. ಕಾಲೇಜಿನಲ್ಲಿದ್ದ ಸೂಕ್ಷ್ಮದರ್ಶಕಗಳ ಮಸೂರಗಳಲ್ಲೇ ಬೂಷ್ಟು ಬೆಳೆದಿತ್ತು. ಸಂಶೋಧನೆಗೆ ನೆರವು ಕೋರಿ ಎರಡು ಸಲ ಬರೆದೆ. ಎರಡು ಸಲವೂ, ಸಂಸ್ಥೆಯಲ್ಲಿ ಸೌಲಭ್ಯಗಳಿಲ್ಲ ಎಂಬ ಕಾರಣಕ್ಕೆ ಇಲ್ಲವೆಂದರು. ಸೌಲಭ್ಯಗಳಿಲ್ಲದ್ದಕ್ಕೇ ಅಲ್ಲವೇ ಕೇಳಿದ್ದು ಎಂದರೆ ಪ್ರಿನ್ಸಿಪಾಲರು ನಕ್ಕರು. “ಬಿಡಿ ಮೇಡಂ, ಆರಾಮಾಗಿ ಪಾಠ ಮಾಡ್ಕೊಂಡಿರಿ.” ಒಂದು ಮಳೆಗಾಲ ತಾರಸಿಯ ಮೇಲೆ ಕುಂಡಗಳಲ್ಲಿ ಎರಡು ತಳಿಯ ರಾಗಿ ಹಾಕಿದೆ. ರೋಗ ಬಂತು. ಎಲೆ ಕತ್ತರಿಸಿ ಕೈಯಲ್ಲಿ ಹಿಡಿದು ನಿಂತೆ. ಬಣ್ಣವಿಲ್ಲ, ಐಸಿಲ್ಲ, ನೋಡಲು ಸರಿಯಾದ ಗಾಜಿಲ್ಲ. ಮನೆ ಮಾಲೀಕರ ಆಡು ಮೇಲೆ ಹತ್ತಿ ಬಂದು ಉಳಿದದ್ದನ್ನು ತಿಂದಿತು.

ಆ ಹೊತ್ತಿಗೆ ಕಾಲೇಜಿಗೆ ಇಂಟರ್ನೆಟ್ ಬಂದಿತ್ತು. ಒಂದು ಮಧ್ಯಾಹ್ನ ಹುಡುಕುತ್ತಿದ್ದಾಗ, ಬೇರೆ ದೇಶದ ಯಾರೋ ಬತ್ತದ ಎಲೆಯಲ್ಲಿ ಇದೇ ಪ್ರಶ್ನೆಯನ್ನು ಬೆನ್ನು ಹತ್ತಿ ಬಹುದೂರ ಹೋಗಿದ್ದದ್ದು ಕಣ್ಣಿಗೆ ಬಿತ್ತು. ಪೂರ್ತಿ ಲೇಖನ ತೆರೆಯಲಿಲ್ಲ, ಸಾರಾಂಶ ಮಾತ್ರ. ನನ್ನ ಊಹೆಗಳಲ್ಲಿ ಒಂದು ಸರಿಯಾಗಿತ್ತು. ಸ್ಟಾಫ್ ರೂಮಿಗೆ ಹೋದೆ. ಇತಿಹಾಸದ ಮೇಷ್ಟ್ರು, “ಏನ್ ಮೇಡಂ, ಮುಖ ಯಾಕೋ ಸಪ್ಪಗಿದೆ” ಎಂದರು. “ಏನಿಲ್ಲ ಸರ್, ತಲೆನೋವು” ಎಂದೆ. ಆ ಕೋಣೆಯಲ್ಲಿ ಇದನ್ನು ಹೇಳಿಕೊಳ್ಳಲು ಎಲ್ಲಿಂದ ಶುರುಮಾಡಬೇಕಿತ್ತು? ಗೈಡಿಗೆ ಹೇಳೋಣವೆಂದು ಅವರ ಮನೆಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. ಯಜಮಾನರಿಗೆ ಈಗ ಯಾರ ಗುರುತೂ ಹತ್ತುವುದಿಲ್ಲ ಎಂದರು.

ಭಾವ ಮತ್ತೆ ಮದುವೆಯಾಗಿದ್ದರು. ಆ ಹೆಂಗಸು ಕೆಟ್ಟವಳಲ್ಲ. ಅವಳಿಗೂ ಎರಡು ಮಕ್ಕಳಾದವು. ಅಕ್ಕನ ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದಾಗ ಭಾವನೇ ಅವಳನ್ನು ಕರೆದುಕೊಂಡು ನನ್ನ ಮನೆಗೆ ಬಂದರು. “ಇಲ್ಲೇ ಪಿಯುಸಿ ಓದ್ಲಿ ತಂಗಿ. ಅಲ್ಲಿ ಮನೇಲಿ ಜಾಗ ಸಾಲ್ದು” ಎಂದರು. ಕಂಡಕ್ಟರ್ ಚೀಲ ಹೆಗಲಲ್ಲೇ ಇತ್ತು. ಕಾಫಿ ಕುಡಿದು ಡ್ಯೂಟಿಗೆ ಹೋದರು. ಹುಡುಗಿ ಅಕ್ಕನ ಹಾಗಿರಲಿಲ್ಲ. ಉದ್ದನೆಯ ಕೈಕಾಲು, ಬೇಗ ಸಿಟ್ಟು, ಟೀವಿ ನೋಡಿ ಕಲಿತ ಬೆಂಗಳೂರಿನವರ ಮಾತು. ಸೈನ್ಸ್ ತಗೋ ಎಂದೆ. “ಬೇಡ ಚಿಕ್ಕಮ್ಮ. ಕಾಮರ್ಸ್” ಎಂದಳು. ಒತ್ತಾಯಿಸಲಿಲ್ಲ.

ಅವಳು ಎರಡನೆಯ ಪಿಯುಸಿಗೆ ಬಂದಾಗ ಒಂದು ದಿನ ಅಡಿಗೆಮನೆಯಲ್ಲಿ ಕೂರಿಸಿಕೊಂಡು ಅವಳ ಅಮ್ಮನ ಕಾಯಿಲೆ ಏನೆಂದು ಹೇಳಿದೆ. ಮನೆಯಲ್ಲಿ ಅವಳಿಗೆ ‘ಹೊಟ್ಟೆನೋವು’ ಎಂದು ಹೇಳಿ ಬೆಳೆಸಿದ್ದರು. ಇಂಥದು ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ, ನನಗೂ ಬರಬಹುದು, ನಿನಗೂ ಬರಬಹುದು, ಬಾರದೆಯೂ ಇರಬಹುದು ಎಂದೆ. ತಿಂಗಳಿಗೊಮ್ಮೆ ಹೇಗೆ ಮುಟ್ಟಿ ನೋಡಿಕೊಳ್ಳಬೇಕು, ಏನು ಸಿಕ್ಕರೆ ಯಾರಿಗೆ ಹೇಳಬೇಕು ಎಂಬುದನ್ನು ತೋರಿಸಿದೆ.

“ಛೀ, ಹೋಗಿ ಚಿಕ್ಕಮ್ಮ” ಎಂದು ಮುಖ ತಿರುಗಿಸಿದಳು. ಕಿವಿಯವರೆಗೂ ಕೆಂಪಾಗಿದ್ದಳು. ಗೋಡೆಯ ಕಡೆಯೇ ನೋಡುತ್ತಾ ಕೇಳಿದಳು: “ಅಮ್ಮ ಯಾಕೆ ಯಾರಿಗೂ ಹೇಳ್ಲಿಲ್ಲ?”

“ನಾಚಿಕೆ ಆಯ್ತಂತೆ. ನೋವೂ ಇರಲಿಲ್ಲವಂತೆ.”

“ಅಷ್ಟೇನಾ?”

“ಅಷ್ಟೇ.”

ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಿದ್ದಾಳೇನೋ ಎಂದು ಕಿವಿಗೊಟ್ಟೆ; ಏನೂ ಕೇಳಿಸಲಿಲ್ಲ. ಸಂಜೆ ಊಟಕ್ಕೆ ಬಂದು, ಏನೂ ನಡೆದೇ ಇಲ್ಲವೆಂಬಂತೆ ಸಾರಿಗೆ ಉಪ್ಪು ಸಾಲದು ಎಂದಳು. ಮಾರನೆಯ ತಿಂಗಳು ನಾನು ಕೇಳಿದೆ. “ನೋಡ್ಕೊಂಡೆ. ಏನಿಲ್ಲ” ಎಂದಳು, ಪುಸ್ತಕದಿಂದ ತಲೆ ಎತ್ತದೆ. ಅದರ ಮುಂದಿನ ತಿಂಗಳೂ ಕೇಳಿದೆ. ಈಗ ಅವಳು ತಿಪಟೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಈಗಲೂ ಕೇಳುತ್ತೇನೆ. ಅವಳಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ.